ಸ್ಥೌಲ್ಯ ಮತ್ತು ಅದರ ನಿವಾರಣೆ



ದಪ್ಪ ಮೈಯವರನ್ನು ಕಂಡು ನಗುವುದು ನಮ್ಮಲ್ಲಿ ಬಹುಕಾಲದಿಂದ ಬಂದ ಅಭ್ಯಾಸ. ನಾಟಕದ ವಿದೂಷಕನಿಗೆ ಡೊಳ್ಳುಹೊಟ್ಟೆ ಇರಲೇಬೇಕೆಂದು ನಾವು ಭಾವಿಸಿದ್ದೇವೆ. ಅದೇ ಹೊಟ್ಟೆ ಮದುವೆಯ ಗಂಡಿಗೆ ಕೊಂಚವಾಗಿ ಕಾಣಿಸಿಕೊಂಡರೆ, ‘ಉಂಡುಟ್ಟು ಬೆಳೆದ ಮನೆತನ’ವೆಂದು ಮೆಚ್ಚುವವರೂ ನಾವೇ. ನಗುವುದೂ ಸರಿಯಲ್ಲ, ಮೆಚ್ಚುವುದೂ ಸರಿಯಲ್ಲ. ಸ್ಥೌಲ್ಯವು ಅನೇಕ ರೋಗಗಳಿಗೆ ಹೆಬ್ಬಾಗಿಲು. ಆ ಬಾಗಿಲನ್ನು ಮುಚ್ಚುವ ಉಪಾಯವು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ನಾವು ಈ ಹೊತ್ತು ಹೇಳಬೇಕೆಂದಿರುವುದು ಇಷ್ಟೆ: ನಮ್ಮ ದುಡಿಮೆ ಬದಲಾಯಿತು, ಊಟದ ಅಳತೆ ಬದಲಾಗಲಿಲ್ಲ. ಈ ಎರಡನ್ನೂ ಮತ್ತೆ ಹೊಂದಿಸಬಹುದು. ಅದಕ್ಕೆ ಪರದೇಶದ ಆಹಾರವೂ ಬೇಡ, ಕಠಿನವಾದ ವ್ರತವೂ ಬೇಡ.

ಇದು ಹೊಸ ವಿಚಾರವೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ನಿಂದ್ಯಶರೀರಗಳನ್ನು ಹೇಳುವಲ್ಲಿ ಅತಿಸ್ಥೂಲನೂ ಅತಿಕೃಶನೂ ಸೇರಿದ್ದಾರೆ. ಸ್ಥೂಲನಾದವನಿಗೆ ಹೊಟ್ಟೆಗೆ ಭಾರವಾಗಿದ್ದು ಪುಷ್ಟಿಯನ್ನು ಮಾತ್ರ ಹೆಚ್ಚಿಸದ ಆಹಾರವನ್ನು ಕೊಡಬೇಕೆಂಬುದು ಅಲ್ಲಿಯ ಅಭಿಪ್ರಾಯ. ಹಸಿವು ಅಡಗಬೇಕು, ಮೈ ಬೆಳೆಯಬಾರದು. ಇಂದಿನ ವೈದ್ಯರು ನಾರಿನಂಶ ಹೆಚ್ಚಾಗಿರುವ ಧಾನ್ಯ, ಕಾಳು, ಸೊಪ್ಪುಗಳನ್ನು ತಿನ್ನಿರೆಂದು ಹೇಳುವಾಗಲೂ ಇದೇ ಮಾತನ್ನು ಬೇರೆ ನುಡಿಗಳಲ್ಲಿ ಹೇಳುತ್ತಾರೆ.

ಪಟ್ಟಣದಲ್ಲಿರುವ ಶ್ರೋತೃಗಳನ್ನು ನಾವು ಒಂದು ಗಳಿಗೆ ಹಳ್ಳಿಯ ಕಡೆಗೆ ಕರೆದೊಯ್ಯಬೇಕಾಗಿದೆ. ಏಕೆಂದರೆ ನಮ್ಮಲ್ಲಿ ಬಹುಮಂದಿಯ ಊಟದ ರೂಢಿಯು ಹುಟ್ಟಿದ್ದು ಹಳ್ಳಿಯಲ್ಲಿ. ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ ಮೊರಬ ಎಂಬ ಊರಿದೆ. ಅದು ಎರೆ ಭೂಮಿಯ ಸೀಮೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಗೋಧಿ, ಕುಸುಬೆ; ಇವು ಆ ನೆಲದ ಬೆಳೆಗಳು. ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿಸೊಪ್ಪು, ಝುಣಕ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ಜೊತೆಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯದ ಸೊಪ್ಪು, ಮಜ್ಜಿಗೆ; ಇದು ಆ ಸೀಮೆಯ ಊಟ. ಇದಕ್ಕಿಂತ ಉತ್ತಮವಾದ ಊಟವನ್ನು ಆಹಾರಶಾಸ್ತ್ರಜ್ಞರು ಕುಳಿತು ಯೋಚಿಸಿದರೂ ಸುಲಭವಾಗಿ ಕಟ್ಟಲಾರರು.

ಈ ಊಟವನ್ನು ಅರಗಿಸುತ್ತಿದ್ದುದು ಹೊಲದ ದುಡಿಮೆ. ಎರೆಯ ಹೊಲವು ಮಳೆ ಬಿದ್ದರೆ ಕಾಲನ್ನು ಹಿಡಿಯುತ್ತದೆ, ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಅಂತಹ ನೆಲದಲ್ಲಿ ಕುಂಟೆ ಹೊಡೆದು, ಕೂರಿಗೆ ಹಿಡಿದು, ಎಡೆ ಹೊಡೆದು, ಜೋಳವನ್ನು ಬೇರುಸಹಿತ ಕಿತ್ತು, ಕಣದಲ್ಲಿ ಹಂತಿ ಹೂಡಿ ರಾಶಿ ಮಾಡುತ್ತಿದ್ದ ಒಕ್ಕಲಿಗನು ಐದಾರು ರೊಟ್ಟಿಯನ್ನು ಉಂಡರೆ ಅದು ಸಂಜೆಯೊಳಗೆ ಬೆವರಾಗಿ ಹರಿದುಹೋಗುತ್ತಿತ್ತು. ಮನೆಯ ಹೆಣ್ಣುಮಗಳು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಿಟ್ಟು ಮಾಡುತ್ತಿದ್ದಳು. ಬಾವಿಯ ನೀರು ಸವಳಾದಲ್ಲಿ ಕೆರೆಗೆ ನಡೆದು ಕೊಡ ಹೊತ್ತು ತರುತ್ತಿದ್ದಳು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಆಕೆಗೆ ವ್ಯಾಯಾಮವೆಂಬ ಶಬ್ದವೇ ಬೇಕಾಗಿರಲಿಲ್ಲ.

ಇಂದು ಆ ಸೀಮೆಯಲ್ಲಿ ಟ್ರ್ಯಾಕ್ಟರು ಉಳುತ್ತದೆ, ಯಂತ್ರವು ರಾಶಿ ಮಾಡುತ್ತದೆ, ಗಿರಣಿಯು ಬೀಸುತ್ತದೆ, ಹೊಲಕ್ಕೆ ಮೋಟಾರುಸೈಕಲ್ಲು ಹೋಗುತ್ತದೆ. ಇದಕ್ಕಾಗಿ ನಾವು ಕಣ್ಣೀರು ಸುರಿಸಬೇಕಾಗಿಲ್ಲ. ಬೀಸುವ ಕಲ್ಲನ್ನು ಹೊಗಳುವವರು ಸಾಮಾನ್ಯವಾಗಿ ಅದರ ಗೂಟವನ್ನು ಹಿಡಿದವರಲ್ಲ. ದುಡಿಮೆ ಹಗುರವಾದುದು ಒಳ್ಳೆಯದೇ. ಆದರೆ ದುಡಿಮೆಯ ಜೊತೆಗೆ ಹಸಿವಿನ ಅಳತೆಯೂ ತಾನಾಗಿ ತಗ್ಗಲಿಲ್ಲ. ಆ ಹಳ್ಳಿಗಳಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಂಗಳೂರಿಗೋ ಬಂದು ಕಚೇರಿಯ ಕುರ್ಚಿಯಲ್ಲಿ ಕುಳಿತವರಂತೂ ಹೊಲದ ಊಟವನ್ನು ಕುರ್ಚಿಗೆ ತಂದರು.

ಈ ವ್ಯತ್ಯಾಸವು ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಗೊತ್ತುಮಾಡಿದ ಪ್ರಕಾರ, ೬೫ ಕಿಲೋ ತೂಕದ ಗಂಡಸು ಕಷ್ಟದ ಮೈದುಡಿಮೆ ಮಾಡುವವನಾದರೆ ಅವನಿಗೆ ದಿನಕ್ಕೆ ೩,೪೭೦ ಕ್ಯಾಲೊರಿಗಳಷ್ಟು ಆಹಾರ ಬೇಕು. ಕುಳಿತು ಕೆಲಸ ಮಾಡುವವನಾದರೆ ೨,೧೧೦ ಸಾಕು. ೫೫ ಕಿಲೋ ತೂಕದ ಹೆಂಗಸಿಗೆ ಇದೇ ಅಂಕಗಳು ೨,೭೨೦ ಮತ್ತು ೧,೬೬೦. ಅರವತ್ತು ಗ್ರಾಮ್ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು ೨೦೦ ಕ್ಯಾಲೊರಿ ಇರುತ್ತದೆ. ಅಂದಮೇಲೆ ಹೊಲದಿಂದ ಕುರ್ಚಿಗೆ ಬಂದ ಗಂಡಸಿನ ದಿನದ ಲೆಕ್ಕದಲ್ಲಿ ಆರೇಳು ರೊಟ್ಟಿ, ಹೆಂಗಸಿನ ಲೆಕ್ಕದಲ್ಲಿ ಐದು ರೊಟ್ಟಿ ಹೆಚ್ಚುವರಿಯಾಗಿ ಉಳಿದವು. ಇವುಗಳಲ್ಲಿ ಒಂದನ್ನು ಮಾತ್ರ ನಿತ್ಯವೂ ಉಣ್ಣುತ್ತ ಬಂದರೂ, ವರ್ಷ ತುಂಬುವ ಹೊತ್ತಿಗೆ ಮೈಯ ಮೇಲೆ ಕೆಲವು ಕಿಲೋಗಳಷ್ಟು ಮೇದಸ್ಸು ಕೂಡಿಕೊಳ್ಳುತ್ತದೆ. ಕೂತು ಉಂಬುವವನಿಗೆ ಕುಡಿಕೆ ಹೊನ್ನು ಸಾಲದೆಂಬುದು ಗಾದೆ. ಕುಡಿಕೆಯು ಬರಿದಾಗುವುದೂ ನಡುವು ತುಂಬುವುದೂ ಒಟ್ಟಿಗೇ ನಡೆಯುತ್ತವೆ.

ಅಷ್ಟೇ ಅಲ್ಲ, ಉಳಿದ ಆ ರೊಟ್ಟಿಯ ಜಾಗಕ್ಕೆ ಬಂದದ್ದು ರೊಟ್ಟಿಗಿಂತ ಕೆಟ್ಟದ್ದು. ತವುಡು ತೆಗೆದ ಅಕ್ಕಿ, ಮೈದಾಹಿಟ್ಟಿನ ಬಿಸ್ಕತ್ತು, ಸಂಜೆಯ ಮಿರ್ಚಿಭಜಿ, ಸಿಹಿಪಾನೀಯ, ಹೊತ್ತುಹೊತ್ತಿಗೆ ಚಹಾ. ಬಟ್ಟಲಿಗೆ ಎರಡು ಚಮಚೆ ಸಕ್ಕರೆಯಂತೆ ದಿನಕ್ಕೆ ಐದು ಬಟ್ಟಲು ಚಹಾ ಕುಡಿದರೆ ಐವತ್ತು ಗ್ರಾಮ್ ಸಕ್ಕರೆಯಾಯಿತು. ಇನ್ನೂರು ಕ್ಯಾಲೊರಿ, ಎಂದರೆ ಒಂದು ರೊಟ್ಟಿಯಷ್ಟು. ಆದರೆ ರೊಟ್ಟಿಯು ಹಸಿವನ್ನು ಅಡಗಿಸುತ್ತಿತ್ತು; ಚಹಾದ ಸಕ್ಕರೆ ಅದನ್ನೂ ಮಾಡುವುದಿಲ್ಲ.

ಇದರ ಫಲವನ್ನು ದೇಶದ ಲೆಕ್ಕಪತ್ರಗಳಲ್ಲಿ ಕಾಣಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಸ್ಥೌಲ್ಯವುಳ್ಳ ಹೆಂಗಸರು ೨೦೧೫-೧೬ರಲ್ಲಿ ನೂರಕ್ಕೆ ೨೩.೩ ಇದ್ದವರು ೨೦೧೯-೨೧ರ ಹೊತ್ತಿಗೆ ೩೦.೧ ಆದರು; ಗಂಡಸರು ೨೨.೧ ಇದ್ದವರು ೩೦.೯ ಆದರು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ದೇಶದ ವಯಸ್ಕರ ಪೈಕಿ ನೂರಕ್ಕೆ ೧೧.೪ ಮಂದಿಗೆ ಮಧುಮೇಹವೂ, ೩೫.೫ ಮಂದಿಗೆ ರಕ್ತದ ಒತ್ತಡವೂ, ೩೯.೫ ಮಂದಿಗೆ ಹೊಟ್ಟೆಯ ಬೊಜ್ಜೂ ಕಂಡುಬಂದವು.

ಹೊಟ್ಟೆಯ ಬೊಜ್ಜನ್ನು ಬೇರೆಯಾಗಿ ಹೇಳಿರುವುದಕ್ಕೆ ಕಾರಣವುಂಟು. ಮೇದಸ್ಸು ಹಗೇವಿನಲ್ಲಿ ಸುರಿದಿಟ್ಟ ಜೋಳದಂತೆ ಸುಮ್ಮನೆ ಬಿದ್ದಿರುವ ವಸ್ತುವೆಂದು ಹಿಂದೆ ತಿಳಿದಿದ್ದರು. ಅದು ಹಾಗಲ್ಲ. ತೊಡೆಯಲ್ಲಿಯೂ ಸೊಂಟದಲ್ಲಿಯೂ ಚರ್ಮದ ಕೆಳಗಿರುವ ಕೊಬ್ಬು ಅಷ್ಟು ಕೆಡುಕು ಮಾಡುವುದಿಲ್ಲ. ಕರುಳುಗಳ ಸುತ್ತ, ಯಕೃತ್ತಿನ ಒಳಗೆ ಸೇರಿದ ಕೊಬ್ಬು ಮಾತ್ರ ಸದಾ ರಕ್ತಕ್ಕೆ ತನ್ನ ದ್ರವ್ಯಗಳನ್ನು ಬಿಡುತ್ತಿರುತ್ತದೆ. ಅದರಿಂದ ಇನ್ಸುಲಿನ್ ಎಂಬ ರಸದ ಆಜ್ಞೆಯನ್ನು ಶರೀರದ ಕಣಗಳು ಸರಿಯಾಗಿ ಪಾಲಿಸದೆ ಹೋಗುತ್ತವೆ. ಮೇದೋಜೀರಕಾಂಗವು ಹೆಚ್ಚುಹೆಚ್ಚಾಗಿ ಇನ್ಸುಲಿನ್ ಸುರಿಸಿ ಬಳಲುತ್ತದೆ. ಕೊನೆಗೊಂದು ದಿನ ರಕ್ತದಲ್ಲಿ ಸಕ್ಕರೆಯು ಏರಿ ನಿಲ್ಲುತ್ತದೆ. ಇದರ ಜೊತೆಗೆ ರಕ್ತದ ಒತ್ತಡ, ಹೃದಯದ ನಾಳಗಳ ಬೇನೆ, ಪಾರ್ಶ್ವವಾಯು, ಯಕೃತ್ತಿನ ಕೊಬ್ಬುರೋಗ, ನಿದ್ದೆಯಲ್ಲಿ ಉಸಿರು ಕಟ್ಟುವಂತಹ ಗೊರಕೆ, ಹೆಂಗಸರಲ್ಲಿ ಮುಟ್ಟಿನ ಏರುಪೇರು ಮತ್ತು ಬಂಜೆತನ, ಹಲವು ಬಗೆಯ ಅರ್ಬುದರೋಗ. ಇವೆಲ್ಲಕ್ಕೂ ಸ್ಥೌಲ್ಯವು ದಾರಿ ಮಾಡಿಕೊಡುತ್ತದೆ. ಮೊಣಕಾಲಿನ ನೋವು ಎಲ್ಲರಿಗೂ ಗೊತ್ತಿರುವುದೇ. ತೂಕದಲ್ಲಿ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ೨೦೦೫ರ ಒಂದು ಸಂಶೋಧನೆ ತೋರಿಸಿತು.

ನಮ್ಮ ಜನರು ಇನ್ನೊಂದು ಮಾತನ್ನು ಮುಖ್ಯವಾಗಿ ತಿಳಿಯತಕ್ಕದ್ದು. ನೋಡುವುದಕ್ಕೆ ತೆಳ್ಳಗಿದ್ದರೂ ಒಳಗೆ ಬೊಜ್ಜಿರುವುದು ನಮ್ಮಲ್ಲಿ ಹೆಚ್ಚು. ಭಾರತದ ಶಿಶುಗಳು ಹುಟ್ಟುವಾಗ ತೂಕದಲ್ಲಿ ಕಡಿಮೆಯಿದ್ದರೂ, ಯುರೋಪಿನ ಶಿಶುಗಳಿಗೆ ಹೋಲಿಸಿದರೆ ಅವುಗಳಲ್ಲಿ ಸ್ನಾಯುವು ಕಡಿಮೆ, ಕೊಬ್ಬಿನ ಪಾಲು ಹೆಚ್ಚು ಎಂಬುದನ್ನು ಪುಣೆಯ ವೈದ್ಯರು ೨೦೦೩ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆಯ ದಾಖಲೆಗಳು ಲೋಕಪ್ರಸಿದ್ಧವಾದವು. ೧೯೩೪ರಿಂದೀಚೆಗೆ ಅಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯನಾಳಗಳ ರೋಗ ಹೆಚ್ಚಾಗಿರುವುದು ಕಂಡಿತು. ಇದು ೧೯೯೬ರಲ್ಲಿ ಪ್ರಕಟವಾಯಿತು. ತಾಯಿಯ ಗರ್ಭದಲ್ಲಿ ಬರಗಾಲಕ್ಕೆ ಸಿದ್ಧವಾದ ಮೈಗೆ ಮುಂದೆ ಸುಭಿಕ್ಷವೇ ಭಾರವಾಗುತ್ತದೆ. ಆದುದರಿಂದ ಬಸುರಿಗೆ ಹೊಟ್ಟೆ ತುಂಬ ಒಳ್ಳೆಯ ಊಟವನ್ನು ಹಾಕುವುದೂ ಮುಂದಿನ ತಲೆಮಾರಿನ ರೋಗವನ್ನು ತಡೆಯುವ ಒಂದು ಉಪಾಯ.

ಈ ಕಾರಣದಿಂದ ನಮ್ಮ ಅಳತೆಗೋಲೂ ಬೇರೆ. ಕಿಲೋಗಳಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕವು ೩೦ನ್ನು ಮುಟ್ಟಿದರೆ ಪಾಶ್ಚಾತ್ಯರು ಸ್ಥೌಲ್ಯವೆನ್ನುತ್ತಾರೆ. ನಮಗೆ ೨೩ ದಾಟಿದರೆ ಅಧಿಕ ತೂಕ, ೨೫ ದಾಟಿದರೆ ಸ್ಥೌಲ್ಯ. ೧೬೫ ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು ೬೩ ಮತ್ತು ೬೮ ಕಿಲೋಗಳಾಗುತ್ತದೆ. ನಡುವಿನ ಸುತ್ತಳತೆಯು ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರನ್ನು ಮೀರಬಾರದು. ಇಷ್ಟು ಲೆಕ್ಕವೂ ಬೇಡವೆನ್ನುವವರು ತಮ್ಮ ಎತ್ತರದಷ್ಟು ಉದ್ದದ ಒಂದು ದಾರವನ್ನು ತೆಗೆದುಕೊಂಡು ಎರಡಾಗಿ ಮಡಿಸಲಿ. ಆ ಅರ್ಧ ದಾರವು ನಡುವನ್ನು ಸುತ್ತಿ ಬಂದರೆ ಕ್ಷೇಮ, ಬಾರದಿದ್ದರೆ ಎಚ್ಚರ. ನಮ್ಮ ಹಿರಿಯರು ಕಟ್ಟುತ್ತಿದ್ದ ಉಡಿದಾರವೂ ಬಿಗಿಯಾಗುತ್ತ ಬಂದಾಗ ಇದೇ ಮಾತನ್ನು ಹೇಳುತ್ತಿತ್ತು. ಕೇಳುವವರು ಅದನ್ನು ಸಡಿಲಿಸಿ ಕಟ್ಟಿಕೊಳ್ಳುತ್ತಿದ್ದರು.

ಇನ್ನು ಉಪಾಯದ ಮಾತು. ಬಾಳುವೆಯ ರೀತಿಯನ್ನು ತಿದ್ದಿಕೊಂಡರೆ ನಿಜವಾಗಿ ಫಲವುಂಟೇ ಎಂದು ಸಂದೇಹಪಡುವವರಿಗೆ ಉತ್ತರ ಸಿದ್ಧವಾಗಿದೆ. ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ತೂಕದಲ್ಲಿ ನೂರಕ್ಕೆ ಏಳರಷ್ಟನ್ನು ಇಳಿಸುವ ಮತ್ತು ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿಯನ್ನಿಟ್ಟುಕೊಂಡವರಲ್ಲಿ ರೋಗವು ನೂರಕ್ಕೆ ೫೮ರಷ್ಟು ಕಡಿಮೆಯಾಯಿತೆಂದು ೨೦೦೨ರಲ್ಲಿ ತಿಳಿದುಬಂತು. ಚೆನ್ನೈನಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಸಾಮಾನ್ಯ ಸಲಹೆಯನ್ನು ಮಾತ್ರ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ ೫೫ ಮಂದಿಗೆ ಮಧುಮೇಹ ಬಂತು. ಊಟವನ್ನು ತಿದ್ದಿಕೊಂಡು ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದವರಲ್ಲಿ ೩೯ ಮಂದಿಗೆ ಬಂತು. ಗಮನಿಸಬೇಕಾದ ವಿಷಯವೇನೆಂದರೆ, ಹೀಗೆ ನಡೆದವರ ತೂಕವು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗುವ ಮೊದಲೇ ಮೈಗೆ ಒಳಿತು ಮೊದಲಾಗುತ್ತದೆ. ತೂಕ ಇಳಿಯಲಿಲ್ಲವೆಂದು ಮೂರನೆಯ ವಾರದಲ್ಲಿ ಪ್ರಯತ್ನವನ್ನು ಬಿಟ್ಟುಬಿಡುವವರು ಇದನ್ನು ನೆನೆಯಬೇಕು.

ಚಲನೆಯ ಮಹಿಮೆಗೆ ಇನ್ನೊಂದು ಹಳೆಯ ಸಾಕ್ಷ್ಯವುಂಟು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಜೆರ್ರಿ ಮಾರಿಸ್ ಎಂಬ ವೈದ್ಯನು ೧೯೫೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನಿರ್ವಾಹಕರಲ್ಲಿ ಹೃದ್ರೋಗವು ಚಾಲಕರಿಗಿಂತ ಕಡಿಮೆಯಿತ್ತು. ಮುಂದೆ ಅವರ ಸಮವಸ್ತ್ರದ ಅಳತೆಗಳನ್ನು ನೋಡಿದಾಗ ಚಾಲಕರ ಷರಾಯಿಯ ನಡುವು ದೊಡ್ಡದಾಗಿತ್ತು. ಆ ಭೇದವು ಕೆಲಸಕ್ಕೆ ಸೇರುವಾಗಲೇ ಕೊಂಚ ಇದ್ದುದರಿಂದ ಎಲ್ಲವನ್ನೂ ಮೆಟ್ಟಿಲಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೂ ಕುಳಿತಿರುವುದೇ ಒಂದು ಅಪಾಯವೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ತಟ್ಟೆ. ರೊಟ್ಟಿಯನ್ನು ಬಿಡಬೇಕಾಗಿಲ್ಲ, ಎಣಿಸಿ ಉಣ್ಣಬೇಕು. ತಟ್ಟೆಯ ಅರ್ಧ ಭಾಗಕ್ಕೆ ಸೊಪ್ಪು, ತರಕಾರಿ, ಹಸಿ ಪದಾರ್ಥಗಳು. ಕಾಲು ಭಾಗಕ್ಕೆ ಕಾಳು, ಬೇಳೆ, ಮೊಸರು, ಅಥವಾ ಉಣ್ಣುವವರಾದರೆ ಮೊಟ್ಟೆ ಮೀನು. ಉಳಿದ ಕಾಲಿಗೆ ರೊಟ್ಟಿ ಅಥವಾ ಅನ್ನ. ರೊಟ್ಟಿ ಉಂಡಮೇಲೆ ಮೇಲೊಂದು ತಟ್ಟೆ ಅನ್ನವೆಂಬ ಪದ್ಧತಿಯಲ್ಲಿ ಎರಡಕ್ಕೆ ಒಂದನ್ನು ಆರಿಸಿಕೊಳ್ಳಬೇಕು. ಅಡಿಗೆಯ ಎಣ್ಣೆಯು ತಲೆಗೆ ತಿಂಗಳಿಗೆ ಅರ್ಧ ಲೀಟರಿನಷ್ಟು ಸಾಕು. ಚಹಾದ ಸಕ್ಕರೆಯನ್ನು ವಾರಕ್ಕೆ ಕೊಂಚದಂತೆ ತಗ್ಗಿಸಿದರೆ ನಾಲಗೆಯು ಜಗಳವಾಡದೆ ಒಪ್ಪಿಕೊಳ್ಳುತ್ತದೆ. ರಾತ್ರಿಯ ಊಟವು ಬೇಗನೆ ಆಗಲಿ, ಹಗುರವಾಗಿರಲಿ. ಶೀಗಿಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲಲು ಹೋದವರು ಹೋಳಿಗೆ, ಎಣ್ಣೆಗಾಯಿಗಳನ್ನು ತೃಪ್ತಿಯಾಗಿ ಉಣ್ಣಲಿ. ಹಬ್ಬದ ಊಟದಿಂದ ಯಾರೂ ಕೆಡಲಿಲ್ಲ. ದಿನದಿನವೂ ಹಬ್ಬವಾದುದರಿಂದ ಕೆಟ್ಟರು.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಎಲ್ಲರೂ ಉಂಡಾದಮೇಲೆ ಪಾತ್ರೆಯಲ್ಲಿ ಉಳಿದದ್ದು ಕೆಡಬಾರದೆಂದು ತಾಯಂದಿರು ಅದನ್ನು ತಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಅನ್ನವು ದೇವರೆಂಬ ಭಾವನೆ ದೊಡ್ಡದು. ಆದರೆ ಆ ಭಾವನೆಯನ್ನು ಅಕ್ಕಿ ಅಳೆಯುವಾಗ ತೋರಿಸಿದರೆ ಮನೆಯೊಡತಿಯ ಮೈಯೂ ಉಳಿಯುತ್ತದೆ, ಅಕ್ಕಿಯೂ ಉಳಿಯುತ್ತದೆ. ಮನೆಗೆಲಸವೇ ಸಾಕಷ್ಟು ವ್ಯಾಯಾಮವೆಂದು ಹೇಳಿ ಆಕೆಯನ್ನು ಸಂಜೆಯ ನಡಿಗೆಯಿಂದ ತಪ್ಪಿಸುವುದೂ ನ್ಯಾಯವಲ್ಲ. ಆಕೆಗೆ ಅರ್ಧ ಗಂಟೆಯ ಬಿಡುವನ್ನು ಮಾಡಿಕೊಡುವುದು ಮನೆಯವರೆಲ್ಲರ ಹೊಣೆ.

ಎರಡನೆಯದು ನಡಿಗೆ. ದಿನಕ್ಕೆ ಅರ್ಧ ಗಂಟೆ, ಮಾತನಾಡಬಲ್ಲೆವು ಆದರೆ ಹಾಡಲಾರೆವು ಎನ್ನುವಷ್ಟು ಚುರುಕಾಗಿ ನಡೆಯಬೇಕು. ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವೂ ಬೇಕು. ಬೈಠಕ್ಕು, ದಂಡ, ಭಾರ ಎತ್ತುವುದು ಯಾವುದಾದರೂ ಆದೀತು. ಹಳ್ಳಿಯ ಗರಡಿಯ ಮನೆಗಳು ಇದನ್ನು ಬಲ್ಲವು. ತಾಸಿಗೊಮ್ಮೆ ಕುರ್ಚಿಯಿಂದ ಏಳಬೇಕು. ಮೂರನೆಯದು ನಿದ್ದೆ. ನಿದ್ದೆಗೆಟ್ಟವನಿಗೆ ಮರುದಿನ ಹಸಿವು ಹೆಚ್ಚು, ಅದೂ ಸಿಹಿಯ ಕಡೆಗೇ ಹೆಚ್ಚು.

ತಿಂಗಳಿಗೆ ಒಂದೆರಡು ಕಿಲೋಗಳಂತೆ ಮೆಲ್ಲಗೆ ಇಳಿಯುವ ತೂಕವು ಉಳಿಯುವ ಸಂಭವ ಹೆಚ್ಚು. ಊಟವನ್ನು ಪೂರ್ತಿಯಾಗಿ ತೊರೆದು ಹದಿನೈದು ದಿನದಲ್ಲಿ ಕರಗುತ್ತೇನೆಂಬವರು ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸಿಕೊಂಡು, ಮುಂದೆ ಕೊಬ್ಬನ್ನು ಮಾತ್ರ ಹಿಂದಕ್ಕೆ ಪಡೆಯುತ್ತಾರೆ. ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದ ಕಟ್ಟುನಿಟ್ಟಾದ ಪಥ್ಯದ ಮಾತು ಬೇರೆ. ಬ್ರಿಟನ್ನಿನಲ್ಲಿ ಅಂತಹ ಪಥ್ಯದಿಂದ, ಮಧುಮೇಹ ಬಂದು ಆರು ವರ್ಷ ಮೀರದವರ ಪೈಕಿ ನೂರಕ್ಕೆ ೪೬ ಮಂದಿ ವರ್ಷದ ಕೊನೆಗೆ ಔಷಧವಿಲ್ಲದೆ ರೋಗದಿಂದ ಬಿಡುವು ಪಡೆದರೆಂದು ೨೦೧೭ರಲ್ಲಿ ಪ್ರಕಟವಾಯಿತು. ಆದರೆ ಸಕ್ಕರೆಯ ಔಷಧವನ್ನು ಸೇವಿಸುತ್ತಿರುವವರು ತಾವಾಗಿಯೇ ಉಪವಾಸ ಹಿಡಿದರೆ ಪ್ರಾಣಾಪಾಯವೂ ಉಂಟು. ಬಸುರಿಯರೂ ಬೆಳೆಯುವ ಮಕ್ಕಳೂ ಇದಕ್ಕೆ ಕೈಹಾಕಕೂಡದು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಬಂದಿವೆ. ಅಗತ್ಯವುಳ್ಳವರಿಗೆ ವೈದ್ಯರ ಕೈಯಲ್ಲಿ ಅವು ಉಪಕಾರಿ. ಆದರೆ ಮದ್ದನ್ನು ನಿಲ್ಲಿಸಿದಮೇಲೆ ಕಳೆದ ತೂಕದಲ್ಲಿ ಬಹುಭಾಗವು ಹಿಂದಿರುಗುವುದು ಕಂಡುಬಂದಿದೆ. ಮದ್ದಿದ್ದರೂ ತಟ್ಟೆಯನ್ನೂ ಕಾಲನ್ನೂ ಮರೆಯುವಂತಿಲ್ಲ.

ಸ್ಥೌಲ್ಯಕ್ಕೆ ಅನುವಂಶದ ಕಾರಣವುಂಟು, ಥೈರಾಯ್ಡ್ ಗ್ರಂಥಿಯ ಕಾರಣವುಂಟು, ಕೆಲವು ಔಷಧಗಳ ಕಾರಣವೂ ಉಂಟು. ಒಬ್ಬರಿಗೆ ಸುಲಭವಾದುದು ಇನ್ನೊಬ್ಬರಿಗೆ ದುಸ್ಸಾಧ್ಯವಾಗಬಹುದು. ಆದುದರಿಂದ ಯಾರ ಮೈಯನ್ನು ಕಂಡೂ ನಗಬೇಡಿ. ಅವಮಾನದಿಂದ ಯಾರೂ ತೆಳ್ಳಗಾಗಲಿಲ್ಲ. ಅವಮಾನಪಟ್ಟವರು ವೈದ್ಯರ ಬಳಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಅಷ್ಟೆ. ಜೊತೆಗೆ ನಡೆಯುವವರು ಒಬ್ಬರಿದ್ದರೆ ಕಾಲು ತಾನಾಗಿ ಏಳುತ್ತದೆ. ಮನೆಯ ಒಬ್ಬರ ಪಥ್ಯವು ಮನೆಯೆಲ್ಲರ ಅಡಿಗೆಯಾದರೆ ಅದು ಪಥ್ಯವೆನಿಸುವುದೇ ಇಲ್ಲ.

ಎರೆಸೀಮೆಯ ಒಕ್ಕಲಿಗನು ಸುಗ್ಗಿಯಾದಮೇಲೆ ಮನೆಗೆ ಎಷ್ಟು, ಬೀಜಕ್ಕೆ ಎಷ್ಟು, ಪೇಟೆಗೆ ಎಷ್ಟು ಎಂದು ಕಾಳನ್ನು ಅಳೆದು ಇಡುತ್ತಾನೆ. ಆ ಅಳತೆಯ ವಿವೇಕವನ್ನು ನಮ್ಮ ತಟ್ಟೆಗೂ ತಂದುಕೊಳ್ಳೋಣ. ನಾಳೆ ಬೆಳಗ್ಗೆ ಒಂದು ದಾರವನ್ನು ಹುಡುಕಿ, ಎತ್ತರಕ್ಕೆ ಹಿಡಿದು, ಅರ್ಧಕ್ಕೆ ಮಡಿಸಿ ನೋಡಿ. ಆಮೇಲೆ ಮನೆಯವರನ್ನು ಕರೆದುಕೊಂಡು ಅರ್ಧ ಗಂಟೆ ನಡೆದು ಬನ್ನಿ.